ಬರುವ ವರ್ಷ ನಮ್ಮದೇ ಎನ್ನುವವರ ಲೆಕ್ಕ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ನೆಪದಲ್ಲಿ 2026ರ ಜನವರಿಯಲ್ಲಿ ನನ್ನ ಊರಾದ ಕೊಡಂಬಲಕ್ಕೆ ಹೋಗಿದ್ದೆ. ನಿವೃತ್ತಿಯ ನಂತರ ಬೆಂಗಳೂರಿನಲ್ಲೇ ನೆಲೆಸಿರುವ ನನಗೆ ವರ್ಷಕ್ಕೊಮ್ಮೆಯ ಈ ಭೇಟಿ ತಪ್ಪಿಸಲಾಗದ ಕರ್ತವ್ಯ. ಮನೆಯ ಕಟ್ಟೆಯ ಮೇಲೆ ನಮ್ಮಣ್ಣನ ಮೊಮ್ಮಗ ಹಸಿಗಡಲೆ ಸುಲಿಯುತ್ತ ಕುಳಿತಿದ್ದ. ಹತ್ತನೆಯ ತರಗತಿಯ ಹುಡುಗ. ಮೈಮೇಲೆ ನೀಲಿ ಅಂಗಿ, ಬೆನ್ನ ಮೇಲೆ 11ರ ಅಂಕಿ, ಅದರ ಮೇಲೆ ಸುನಿಲ್ ಚೆಟ್ರಿಯ ಹೆಸರು. ಸಂತೆಯಲ್ಲಿ ಕೊಂಡ ಅಂಗಿಯಾದ್ದರಿಂದ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು. ‘ಹೆಂಗದ ನಿಮ್ಮ ಟೀಮು?’ ಎಂದು ಕೇಳಿದೆ. ‘ಬರೋ ವರ್ಷ ನಮ್ದೇ ನೋಡ್ರಿ ಮುತ್ಯಾ’ ಎಂದ. ಆ ವರ್ಷದ ಲೀಗ್ ಆಗಿನ್ನೂ ಆರಂಭವೇ ಆಗಿರಲಿಲ್ಲ.

ನಮ್ಮ ಸೀಮೆಯ ಆಟಗಳೆಂದರೆ ಕುಸ್ತಿ, ಕಬಡ್ಡಿ, ವಾಲಿಬಾಲ್, ಈಚೆಗೆ ಎಲ್ಲೆಲ್ಲಿಯೂ ಇರುವ ಕ್ರಿಕೆಟ್. ಫುಟ್‌ಬಾಲ್ ನಮ್ಮೂರಿನಲ್ಲಿ ಆಡುವ ಆಟವಲ್ಲ, ಮೊಬೈಲ್‌ನಲ್ಲಿ ನೋಡುವ ಆಟ. ಈ ಹುಡುಗ ಬೆಂಗಳೂರು ಎಫ್‌ಸಿಯ ಅಭಿಮಾನಿ. ಆ ತಂಡ ಆಡುವ ಕಂಠೀರವ ಕ್ರೀಡಾಂಗಣ ಕೊಡಂಬಲದಿಂದ ಆರುನೂರು ಕಿಲೊಮೀಟರಿಗೂ ಮಿಕ್ಕ ದೂರದಲ್ಲಿದೆ. ಅವನು ಅದನ್ನು ಕಣ್ಣಿನಿಂದ ಕಂಡವನಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ಇದು ಅವನ ಎರಡನೆಯ ತಂಡ. ಮೊದಲನೆಯದು ಹೈದರಾಬಾದ್ ಎಫ್‌ಸಿ. ಆ ತಂಡ ಈಗ ಹೈದರಾಬಾದಿನಲ್ಲಿ ಇಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬೀದರ್ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ನಮ್ಮ ತಂದೆಯವರು ಓದಿದ್ದು ಹೈದರಾಬಾದಿನಲ್ಲಿ, ಉರ್ದು ಮಾಧ್ಯಮದಲ್ಲಿ. ಅವರ ಬಾಯಲ್ಲಿ ‘ಪೊಲೀಸರ ಟೀಮು’ ಎಂದರೆ ಹೈದರಾಬಾದ್ ಸಿಟಿ ಪೊಲೀಸ್ ತಂಡ. 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ರೋವರ್ಸ್ ಕಪ್ ಗೆದ್ದ ತಂಡ ಅದು. ಅದನ್ನು ಕಟ್ಟಿದ ಸೈಯದ್ ಅಬ್ದುಲ್ ರಹೀಂ ಅವರೇ ಮುಂದೆ ಭಾರತ ತಂಡವನ್ನು 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೂ 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕಕ್ಕೂ ಒಯ್ದರು. ರಾತ್ರಿ ಊಟದ ನಂತರ ತಂದೆಯವರು ಈ ಕಥೆಗಳನ್ನು ಹೇಳುವಾಗ ಮುಂದಿನ ವರ್ಷದ ಬಗ್ಗೆ ಅನುಮಾನದ ಎಳೆಯೂ ಇರುತ್ತಿರಲಿಲ್ಲ. ಐದು ವರ್ಷ ಗೆದ್ದವರು ಆರನೆಯ ವರ್ಷದ ಬಗ್ಗೆ ಆಶಾವಾದಿಗಳಾಗಿರಲು ಹೆಚ್ಚಿನ ಧೈರ್ಯವೇನೂ ಬೇಕಿಲ್ಲ. ಆದರೆ 1963ರಲ್ಲಿ ರಹೀಂ ತೀರಿಕೊಂಡರು. ಆಮೇಲೆ ಆ ನಗರದ ಫುಟ್‌ಬಾಲ್ ಬತ್ತುತ್ತ ಬಂತು.

2019ರಲ್ಲಿ ಪುಣೆಯ ತಂಡವೊಂದು ಮುಚ್ಚಿಹೋಗಿ ಅದರ ಜಾಗದಲ್ಲಿ ಹೈದರಾಬಾದ್ ಎಫ್‌ಸಿ ಹುಟ್ಟಿತು. ನಮ್ಮೂರಿನಿಂದ ಬೆಂಗಳೂರಿಗಿಂತ ಹೈದರಾಬಾದ್ ಬಹಳ ಹತ್ತಿರ. ಆಸ್ಪತ್ರೆಗೆ, ಮದುವೆ ಜವಳಿಗೆ, ಕೂಲಿಗೆ ನಮ್ಮ ಜನ ಹೋಗುವುದು ಅಲ್ಲಿಗೇ. ಹುಡುಗ ಸಹಜವಾಗಿಯೇ ಆ ತಂಡವನ್ನು ತನ್ನದೆಂದುಕೊಂಡ. 2022ರ ಮಾರ್ಚ್‌ನಲ್ಲಿ ಅದು ಕೇರಳ ಬ್ಲಾಸ್ಟರ್ಸ್ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ ಸೋಲಿಸಿ ಇಂಡಿಯನ್ ಸೂಪರ್ ಲೀಗ್ ಚಾಂಪಿಯನ್ ಆಯಿತು. ಎರಡೇ ವರ್ಷದಲ್ಲಿ ಹಣಕಾಸಿನ ಬಿಕ್ಕಟ್ಟು ಬಂತು, ಆಟಗಾರರು ಚದುರಿದರು, 2023-24ರಲ್ಲಿ ಇಡೀ ಲೀಗ್‌ನಲ್ಲಿ ಒಂದೇ ಒಂದು ಗೆಲುವಿನೊಂದಿಗೆ ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಮಾಲೀಕತ್ವ ಬದಲಾಯಿತು. ‘ಮರುಕಟ್ಟುತ್ತಿದ್ದಾರೆ’ ಎಂದು ಅಭಿಮಾನಿಗಳು ನಂಬಿದರು. 2025ರಲ್ಲಿ ತಂಡ ದೆಹಲಿಗೆ ಹೋಗಿ ಹೆಸರನ್ನೂ ಬದಲಿಸಿಕೊಂಡಿತು. ಪುಣೆಯವರಿಗೆ ಆದದ್ದೇ ಹೈದರಾಬಾದಿನವರಿಗೂ ಆಯಿತು. ಅಂಗಡಿ ಸ್ಥಳಾಂತರಗೊಂಡರೆ ಗಿರಾಕಿಗಳಿಗೆ ಒಂದು ಫಲಕವನ್ನಾದರೂ ಹಾಕುತ್ತಾರೆ.

ಆದ್ದರಿಂದಲೇ ಆ ಹುಡುಗ ತುಸು ಹೊತ್ತಿನ ಬಳಿಕ ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ: ‘ಬೆಂಗಳೂರ ಟೀಮೂ ಹಂಗೇ ಹೋಗ್ತದೇನ್ರಿ ಮುತ್ಯಾ?’ ಬರುವ ವರ್ಷ ನಮ್ಮದೇ ಎಂದವನೂ ಇವನೇ. ಎರಡೂ ಮಾತು ಒಂದೇ ಮನಸ್ಸಿನಿಂದ ಬಂದವು. ಅರ್ಥಶಾಸ್ತ್ರ ಓದಿದವನಾಗಿ, ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ, ಈ ಎರಡು ಮಾತುಗಳ ನಡುವಿನ ಅಂತರವನ್ನು ಅಳೆಯುವ ಪ್ರಯತ್ನ ಮಾಡಬೇಕೆನ್ನಿಸಿತು.

ಬೆಂಗಳೂರು ಎಫ್‌ಸಿಯ ಇತಿಹಾಸ ಬಹುಪಾಲು ಓದುಗರಿಗೆ ಗೊತ್ತು. 2013ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೆ ಗೆದ್ದಿತು. ಅದೇ ವರ್ಷ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವಾಯಿತು. 2019ರ ಮಾರ್ಚ್‌ನಲ್ಲಿ ಗೋವಾ ತಂಡವನ್ನು ಹೆಚ್ಚುವರಿ ಅವಧಿಯ ಏಕೈಕ ಗೋಲಿನಿಂದ ಸೋಲಿಸಿ ಸೂಪರ್ ಲೀಗ್ ಚಾಂಪಿಯನ್ ಆಯಿತು. ನಂತರ ಇಳಿಜಾರು. 2020-21ರಲ್ಲಿ ಏಳನೆಯ ಸ್ಥಾನ. 2023-24ರಲ್ಲಿ ಹನ್ನೆರಡು ತಂಡಗಳಲ್ಲಿ ಹತ್ತನೆಯದು. ನಡುವೆ 2022ರ ಡುರಾಂಡ್ ಕಪ್ ಮತ್ತು 2023ರ ಸೂಪರ್ ಲೀಗ್ ಫೈನಲ್ ಬಂದುಹೋದವು. ತರಬೇತುದಾರರು ಬದಲಾದರು. ಮರುಕಟ್ಟುವ ಕೆಲಸ ಒಮ್ಮೆಯಲ್ಲ, ಕನಿಷ್ಠ ಮೂರು ಬಾರಿ ಆರಂಭವಾಗಿದೆ.

ಹತ್ತನೆಯ ಸ್ಥಾನದ ಮರುವರ್ಷ ನಡೆದದ್ದನ್ನು ಮಾತ್ರ ವಿವರವಾಗಿ ನೋಡಬೇಕು. ಏಕೆಂದರೆ ಅಭಿಮಾನಿಗಳ ಇಂದಿನ ಆಶಾವಾದದ ಬೇರು ಅಲ್ಲಿದೆ. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಮೊದಲ ಪಂದ್ಯ. ಏಕೈಕ ಗೋಲು ಹೊಡೆದದ್ದು ಹತ್ತೊಂಬತ್ತು ವರ್ಷದ ವಿನಿತ್ ವೆಂಕಟೇಶ್, ಇದೇ ನಗರದ ಹುಡುಗ, ಕ್ಲಬ್ಬಿನ ಯುವ ತಂಡದಲ್ಲಿ ಬೆಳೆದವನು. ಆ ವರ್ಷ ತಂಡ 38 ಅಂಕಗಳೊಂದಿಗೆ ಮೂರನೆಯ ಸ್ಥಾನ ಪಡೆಯಿತು. ನಾಕೌಟ್‌ನಲ್ಲಿ ಮುಂಬೈ ಸಿಟಿಯನ್ನು 5-0ಯಿಂದ ಮಣಿಸಿತು. ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಗೋವಾದ ವಿರುದ್ಧ ಎರಡು ಗೋಲುಗಳ ಮುನ್ನಡೆ ಕರಗಿಹೋದ ಮೇಲೆ, ಪಂದ್ಯ ಮುಗಿಯುವ ಹೊತ್ತಿಗೆ ನಲವತ್ತು ವರ್ಷದ ಚೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. 2025ರ ಏಪ್ರಿಲ್ 12ರ ಫೈನಲ್‌ನಲ್ಲಿ ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 1-2ರಿಂದ ಸೋತರು.

ಅದು ಸೋಲೇ. ಆದರೆ ಹತ್ತನೆಯ ಸ್ಥಾನದಿಂದ ಫೈನಲ್‌ವರೆಗಿನ ದಾರಿಯನ್ನು ಒಂದೇ ವರ್ಷದಲ್ಲಿ ಕಂಡವರು ‘ಬರುವ ವರ್ಷ ನಮ್ಮದೇ’ ಎಂದರೆ ಅದನ್ನು ಹುಂಬತನ ಎನ್ನಲಾಗದು. ಹಾಗೆಂದು ಅದರಲ್ಲಿ ಒಂದು ಕಣ್ಕಟ್ಟೂ ಇತ್ತು. ಆ ವರ್ಷ ಚೆಟ್ರಿ 14 ಗೋಲು ಹೊಡೆದರು. ಲೀಗ್‌ನ ಯಾವ ಭಾರತೀಯ ಆಟಗಾರನೂ ಅಷ್ಟು ಹೊಡೆದಿರಲಿಲ್ಲ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದವರನ್ನು 2025ರ ಮಾರ್ಚ್‌ನಲ್ಲಿ ದೇಶ ಮತ್ತೆ ಕರೆಸಿಕೊಂಡಿತು. ನಲವತ್ತರ ಆಟಗಾರನ ಹೆಗಲ ಮೇಲೆ ನಿಂತ ಪ್ರಗತಿಯನ್ನು ಮರುಕಟ್ಟುವಿಕೆ ಎನ್ನುವುದು, ಹಳೆಯ ಮನೆಯ ಸಾಗುವಾನಿ ಕಂಬ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಮನೆಯೇ ಹೊಸದಾಯಿತು ಎಂದಂತೆ. ನನ್ನ ದೃಷ್ಟಿಯಲ್ಲಿ ಆ ವರ್ಷದ ನಿಜವಾದ ಲಾಭ ಸೆಪ್ಟೆಂಬರ್ 14ರ ಗೋಲು.

ಆಮೇಲೆ ಬಂದದ್ದು ಯಾವ ಅಭಿಮಾನಿಯೂ ಊಹಿಸದ ಸಂಗತಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗ್ ನಡೆಸುವ ಸಂಸ್ಥೆಗೂ ಇದ್ದ ಹದಿನೈದು ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ನವೀಕರಣವಾಗಲಿಲ್ಲ. ಜುಲೈನಲ್ಲಿ ಲೀಗ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಏಪ್ರಿಲ್‌ನಲ್ಲಿ ಫೈನಲ್ ಆಡಿದ ತಂಡಕ್ಕೆ ಆಗಸ್ಟ್‌ನಲ್ಲಿ ಸಂಬಳವಿಲ್ಲ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು, ಫೆಬ್ರುವರಿ 14ರಿಂದ ಹದಿನಾಲ್ಕು ತಂಡಗಳ ಲೀಗ್ ನಡೆಯುತ್ತದೆಂದು ಘೋಷಿಸಿದರು. ಹಿಂದಿನ ವರ್ಷ ಪ್ರತಿ ತಂಡಕ್ಕೆ 24 ಲೀಗ್ ಪಂದ್ಯಗಳಿದ್ದವು. ಈ ಏರ್ಪಾಟಿನಲ್ಲಿ 13. ಇಂಥ ತುಂಡು ಋತುವಿನ ಫಲಿತಾಂಶ ಏನೇ ಇರಲಿ, ಒಂದು ತಂಡದ ಭವಿಷ್ಯವನ್ನು ಅಳೆಯಲು ಅದು ತಕ್ಕ ಮಾಪನವಲ್ಲ ಎಂದು ನನ್ನ ಅಭಿಪ್ರಾಯ.

ಸಂಬಳ ನಿಲ್ಲಿಸಿದ ಪ್ರಕಟಣೆಯಲ್ಲೇ ಕ್ಲಬ್ ಇನ್ನೊಂದು ಮಾತು ಹೇಳಿತ್ತು. ಯುವ ತಂಡಗಳಿಗೂ ಮಕ್ಕಳ ತರಬೇತಿ ಶಾಲೆಗಳಿಗೂ ಇದರಿಂದ ಬಾಧೆಯಿಲ್ಲ ಎಂದು. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಆ ಮಾತು ಹಿಂದೆ ಸರಿಯಿತು. ಆದರೆ ಆಯವ್ಯಯ ಪತ್ರವನ್ನು ಓದುವ ಅಭ್ಯಾಸ ಇರುವವರಿಗೆ ಗೊತ್ತು: ಬರಗಾಲದಲ್ಲಿ ಯಾವ ಬಾಬತ್ತಿನ ಹಣವನ್ನು ಕಡಿಯಲಿಲ್ಲ ಎಂಬುದನ್ನು ನೋಡಿದರೆ ಯಜಮಾನನ ಮನಸ್ಸು ತಿಳಿಯುತ್ತದೆ. ಒಕ್ಕಲಿಗ ಊಟ ಕಡಿಮೆ ಮಾಡಿಯಾನು, ಬಿತ್ತನೆ ಬೀಜ ಮಾರುವುದಿಲ್ಲ. 2022ರಲ್ಲಿ ಆರಂಭವಾದ ಯುವ ಆಟಗಾರರ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಪ್ರಶಸ್ತಿ ಗೆದ್ದದ್ದು ಬೆಂಗಳೂರಿನ ಹುಡುಗರೇ. ಆಶಾವಾದಕ್ಕೆ ಆಧಾರ ಬೇಕಿದ್ದರೆ ಅಲ್ಲಿ ಹುಡುಕಬೇಕು. ಪ್ರತಿ ವರ್ಷ ಬರುವ ವಿದೇಶಿ ಆಟಗಾರರ ಪಟ್ಟಿಯಲ್ಲಲ್ಲ.

ಅಭಿಮಾನಿಯ ನಿಷ್ಠೆಗೆ ಅರ್ಥಶಾಸ್ತ್ರದಲ್ಲಿ ಒಂದು ಸ್ಥಾನವಿದೆ. ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ‘ಎಕ್ಸಿಟ್, ವಾಯ್ಸ್ ಅಂಡ್ ಲಾಯಲ್ಟಿ’ ಎಂಬ ಸಣ್ಣ ಪುಸ್ತಕವನ್ನು ನಾನು ಸೇವೆಯ ಆರಂಭದ ದಿನಗಳಲ್ಲಿ ಓದಿದೆ. ಸಂಸ್ಥೆಯೊಂದು ಕೆಡುತ್ತಿರುವಾಗ ಅದರ ಗ್ರಾಹಕರಿಗೆ ಎರಡು ದಾರಿಗಳಿವೆ: ಬಿಟ್ಟುಹೋಗುವುದು, ಇಲ್ಲವೇ ಅಲ್ಲೇ ನಿಂತು ದನಿ ಎತ್ತುವುದು. ನಿಷ್ಠೆ ಎಂಬುದು ಬಿಟ್ಟುಹೋಗುವುದನ್ನು ಮುಂದೂಡುತ್ತದೆ. ಸಂಸ್ಥೆ ಚೇತರಿಸಿಕೊಳ್ಳಲು ಕಾಲಾವಕಾಶ ಕೊಡುತ್ತದೆ. ಎಲ್ಲರೂ ಒಮ್ಮೆಲೇ ಎದ್ದುಹೋದರೆ ಯಾವ ತಂಡವನ್ನೂ ಮತ್ತೆ ಕಟ್ಟಲಾಗದು. ಈ ಅರ್ಥದಲ್ಲಿ ಅಭಿಮಾನಿಯ ಆಶಾವಾದ ಕ್ಲಬ್ಬಿಗೆ ಸಿಗುವ ಬಡ್ಡಿಯಿಲ್ಲದ ಸಾಲ. ಆದರೆ ನಿಷ್ಠೆಯ ಜೊತೆಗೆ ದನಿ ಇಲ್ಲದಿದ್ದರೆ ಅದೇ ಕಾಲಾವಕಾಶ ಮಾಲೀಕನ ಆಲಸ್ಯಕ್ಕೆ ಹಾಸಿಗೆಯಾಗುತ್ತದೆ.

ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್ 2012ರಲ್ಲಿ ದಿವಾಳಿಯಾಗಿ ನಾಲ್ಕನೆಯ ದರ್ಜೆಯಿಂದ ಮತ್ತೆ ಆರಂಭಿಸಬೇಕಾಯಿತು. ಆ ದರ್ಜೆಯ ಸಣ್ಣಪುಟ್ಟ ಊರುಗಳ ತಂಡಗಳ ವಿರುದ್ಧದ ಪಂದ್ಯಗಳಿಗೂ ಸರಾಸರಿ ನಲವತ್ತು ಸಾವಿರಕ್ಕಿಂತ ಹೆಚ್ಚು ಜನ ಬಂದರು. ಇದು ನಿಷ್ಠೆ. ಅದೇ ಜನ, ಆಡಳಿತ ಮಂಡಳಿಯ ಮೇಲೆ ನಂಬಿಕೆ ಹೋದಾಗ ವರ್ಷದ ಟಿಕೆಟ್ ಕೊಳ್ಳಲು ನಿರಾಕರಿಸಿದರು; 2015ರಲ್ಲಿ ಷೇರುದಾರರ ಸಭೆಯಲ್ಲಿ ಮಂಡಳಿಯೇ ಬದಲಾಯಿತು. ಇದು ದನಿ. 2021ರಲ್ಲಿ ಆ ತಂಡ ಒಂದೂ ಪಂದ್ಯ ಸೋಲದೆ ದೇಶದ ಚಾಂಪಿಯನ್ ಆಯಿತು. ಒಂಬತ್ತು ವರ್ಷ ಬೇಕಾಯಿತು. ನಮ್ಮಲ್ಲಿ ನಿಷ್ಠೆಗೆ ಕೊರತೆಯಿಲ್ಲ. ಕಂಠೀರವದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ‘ವೆಸ್ಟ್ ಬ್ಲಾಕ್ ಬ್ಲೂಸ್’ ಗುಂಪನ್ನು ಕಂಡವರಾರೂ ಅದನ್ನು ಅನುಮಾನಿಸರು. ಆದರೆ ಅವರ ದನಿ ಹಾಡಾಗಿ ಮಾತ್ರ ಕೇಳುತ್ತದೆ; ಸಭೆಯ ಮೇಜಿನವರೆಗೆ ಅದಕ್ಕೆ ದಾರಿಯಿಲ್ಲ.

ಇನ್ನೊಂದು ರಚನೆಯ ದೋಷವೂ ಇದೆ. ಸೂಪರ್ ಲೀಗ್‌ನಲ್ಲಿ 2024-25ರವರೆಗೂ ಕೊನೆಯ ಸ್ಥಾನದ ತಂಡ ಕೆಳ ದರ್ಜೆಗೆ ಇಳಿಯುವ ಪದ್ಧತಿ ಇರಲಿಲ್ಲ. ಐ-ಲೀಗ್ ಗೆದ್ದು ಪಂಜಾಬ್, ಮೊಹಮ್ಮಡನ್ ಮೇಲೆ ಬಂದವು. ಕೆಳಗೆ ಯಾರೂ ಹೋಗಲಿಲ್ಲ. ಬೀಳುವ ಭಯವಿಲ್ಲದ ಕಡೆ ಮರುಕಟ್ಟುವಿಕೆಗೆ ಗಡುವೂ ಇರುವುದಿಲ್ಲ. ‘ಮುಂದಿನ ವರ್ಷ’ ಎನ್ನುತ್ತ ಎಷ್ಟು ವರ್ಷವನ್ನಾದರೂ ಕಳೆಯಬಹುದು.

ಈ ಕಲೆಯಲ್ಲಿ ನಾನೂ ಪಳಗಿದವನೇ. ಪ್ರಗತಿ ಪರಿಶೀಲನಾ ಸಭೆಗಳಿಗೆ ಸಿದ್ಧಪಡಿಸುವ ತಖ್ತೆಯ ಕೊನೆಯ ಕಾಲಮ್ಮಿನಲ್ಲಿ ‘ಪ್ರಗತಿಯಲ್ಲಿದೆ’ ಎಂದು ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಒಂದೇ ಕಾಮಗಾರಿಯ ಎದುರು ನಾಲ್ಕು ವರ್ಷ ಸತತವಾಗಿ ಅದೇ ಪದ ಬರೆದದ್ದು ವರ್ಗಾವಣೆಯಾಗಿ ಹೋಗುವ ದಿನ ಗಮನಕ್ಕೆ ಬಂತು. ಅದು ಸುಳ್ಳಲ್ಲ, ನಿಜವೂ ಅಲ್ಲ. ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1990ರ ದಶಕದಲ್ಲಿ. ಹಳಿಯ ಮೇಲೆ ಪೂರ್ತಿ ಮಾರ್ಗದ ರೈಲು ಓಡಿದ್ದು 2017ರ ಅಕ್ಟೋಬರ್‌ನಲ್ಲಿ, ಸುಮಾರು 110 ಕಿಲೊಮೀಟರಿಗೆ ಎರಡು ದಶಕ. ನಮ್ಮಣ್ಣ ಪ್ರತಿ ಯುಗಾದಿಗೂ ‘ಬರೋ ವರ್ಷ ರೈಲು ಬರ್ತದ’ ಎನ್ನುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ಕೊನೆಗೆ ರೈಲು ಬಂತು. ಅಣ್ಣನ ನಂಬಿಕೆಯಿಂದಲೇ ಬಂತೆಂದು ನಾನು ಹೇಳುವುದಿಲ್ಲ. ಆದರೆ ಪ್ರತಿ ಮುಂಗಡಪತ್ರದ ನಂತರ ಎಷ್ಟು ಹಣ ಇಟ್ಟರು, ಎಷ್ಟು ಬಿಡುಗಡೆಯಾಯಿತು ಎಂದು ಕೇಳುವವರು ಜಿಲ್ಲೆಯಲ್ಲಿ ಇರದಿದ್ದರೆ ಇನ್ನೂ ತಡವಾಗುತ್ತಿತ್ತು ಎಂಬುದು ಕಡತದ ಒಳಗಿನಿಂದ ನೋಡಿದವನ ಅನುಭವ.

ಬೆಂಗಳೂರಿನ ಹಳೆಯ ತಂಡಗಳಿಗೆ ಇಂಥ ಆಶಾವಾದದ ಅಗತ್ಯವೇ ಇರಲಿಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದ ಕಾಲ ಬೇರೆ. ಆಮೇಲೆ ಬಂದ ಐಟಿಐ, ಎಚ್‌ಎಎಲ್ ತಂಡಗಳಲ್ಲಿ ಆಟಗಾರನಿಗೆ ಕಾರ್ಖಾನೆಯ ನೌಕರಿ ಇರುತ್ತಿತ್ತು. ತಂಡದ ಭವಿಷ್ಯ ಸಿಬ್ಬಂದಿ ಶಾಖೆಯ ಕೈಯಲ್ಲಿತ್ತು. ನೇಮಕಾತಿ ಕುಗ್ಗಿದಂತೆ ತಂಡಗಳೂ ಕುಗ್ಗಿದವು. ಮೈಸೂರು ರಾಜ್ಯ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿಯನ್ನು ಕರ್ನಾಟಕ ಮತ್ತೆ ಎತ್ತಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ. ಈ ನಡುವಿನ ಐವತ್ನಾಲ್ಕು ವರ್ಷ ಯಾರೂ ‘ಮರುಕಟ್ಟುತ್ತಿದ್ದೇವೆ’ ಎಂದು ಹೇಳಲೂ ಇಲ್ಲ.

ಕ್ರಿಕೆಟ್ ಅಭಿಮಾನಿಗಳ ಮಾತು ಇಲ್ಲಿ ನೆನಪಾಗದೆ ಇರದು. ‘ಈ ಸಲ ಕಪ್ ನಮ್ದೇ’ ಎಂಬುದು ಹಲವು ವರ್ಷ ನಾಡಿನ ನಗೆಮಾತಾಗಿತ್ತು. ಹದಿನೆಂಟನೆಯ ಆವೃತ್ತಿಯಲ್ಲಿ, 2025ರ ಜೂನ್ 3ರಂದು, ಅದು ನಿಜವಾಯಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ಹನ್ನೊಂದು ಮಂದಿ ಕಾಲ್ತುಳಿತಕ್ಕೆ ಸಿಕ್ಕು ಸತ್ತರು. ಆಶೆ ಇಟ್ಟುಕೊಂಡವರನ್ನು ನಾವು ಎಷ್ಟು ಅಗ್ಗವಾಗಿ ಕಾಣುತ್ತೇವೆ ಎಂಬುದಕ್ಕೆ ಅದಕ್ಕಿಂತ ಕ್ರೂರ ನಿದರ್ಶನ ನನಗೆ ತಿಳಿದಿಲ್ಲ. ಅವರನ್ನು ಜನಸಂದಣಿ ಎಂದು ಎಣಿಸಿದರೇ ಹೊರತು ಪಾಲುದಾರರೆಂದಲ್ಲ.

ಕ್ಲಬ್ ಖಾಸಗಿಯವರದು, ನಷ್ಟ ಅವರದು, ಲೆಕ್ಕ ಕೇಳಲು ನೀವಾರು ಎಂದು ಯಾರಾದರೂ ಕೇಳಬಹುದು. ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ್ದು, ನಗರದ ಹೆಸರು ನಗರದ್ದು. ಇವೆರಡನ್ನೂ ಬಳಸಿಕೊಳ್ಳುವ ಸಂಸ್ಥೆಯಿಂದ ಕೆಲವು ಮಾತುಗಳನ್ನು ಬರವಣಿಗೆಯಲ್ಲಿ ಕೇಳುವುದು ಅತಿಯಾಗದು. ಯುವ ವಿಭಾಗಕ್ಕೆ ವರ್ಷಕ್ಕೆ ಎಷ್ಟು ಹಣ, ಮೊದಲ ತಂಡದಲ್ಲಿ ಅಲ್ಲಿಂದ ಬಂದವರು ಎಷ್ಟು ನಿಮಿಷ ಆಡಿದರು, ಹಣದ ಮುಗ್ಗಟ್ಟು ಬಂದರೆ ತಂಡವನ್ನು ಬೇರೆ ಊರಿಗೆ ಒಯ್ಯುವ ಮೊದಲು ಅಭಿಮಾನಿಗಳಿಗೆ ಎಷ್ಟು ದಿನದ ಸೂಚನೆ. ಜರ್ಮನಿಯಲ್ಲಿ ಕ್ಲಬ್‌ಗಳ ಮತಾಧಿಕಾರದ ಬಹುಪಾಲು ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಅಷ್ಟು ದೂರ ಹೋಗುವುದು ನಮಗೆ ಸದ್ಯಕ್ಕೆ ಆಗದು. ವರ್ಷಕ್ಕೊಮ್ಮೆ ಅಭಿಮಾನಿಗಳ ಪ್ರತಿನಿಧಿಗಳನ್ನು ಕೂರಿಸಿಕೊಂಡು ಲೆಕ್ಕ ಒಪ್ಪಿಸುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ರಾಜ್ಯ ಸರ್ಕಾರವೂ ಕ್ರೀಡಾಂಗಣ ಕೊಡುವಾಗ ಬಾಡಿಗೆಯ ಜೊತೆಗೆ ಬೀದರ್, ರಾಯಚೂರಿನಂಥ ಜಿಲ್ಲೆಗಳಲ್ಲಿ ವರ್ಷಕ್ಕೊಂದು ಆಯ್ಕೆ ಶಿಬಿರ ನಡೆಸಬೇಕೆಂಬ ಷರತ್ತು ಹಾಕಬಹುದು. ಖರ್ಚು ದೊಡ್ಡದಲ್ಲ. ಆರುನೂರು ಕಿಲೊಮೀಟರ್ ಆಚೆಯಿಂದ ನಂಬುವ ಹುಡುಗರ ಕಡೆಗೆ ತಂಡ ಒಂದು ದಿನವಾದರೂ ಬಂದಂತಾಗುತ್ತದೆ.

ಹುಡುಗನ ಪ್ರಶ್ನೆಗೆ ನಾನು ಅಂದು ಕೊಟ್ಟ ಉತ್ತರ ಸರ್ಕಾರಿ ಉತ್ತರವೇ: ‘ಹಂಗೇನೂ ಆಗಲಿಕ್ಕಿಲ್ಲಪ್ಪ.’ ಅವನು ಒಪ್ಪಿದಂತೆ ಕಾಣಲಿಲ್ಲ. ಒಳಗೆ ಹೋಗಿ ಗಣಿತದ ನೋಟ್‌ಬುಕ್ ತಂದ. ಕೊನೆಯ ಪುಟಗಳಲ್ಲಿ ಎರಡು ಪಟ್ಟಿಗಳಿದ್ದವು. ಒಂದರಲ್ಲಿ ಹೈದರಾಬಾದ್ ತಂಡದ ಹೆಸರುಗಳು, ಪ್ರತಿಯೊಂದರ ಮುಂದೆ ಆ ಆಟಗಾರ ಈಗ ಯಾವ ತಂಡಕ್ಕೆ ಹೋದ ಎಂಬ ವಿವರ. ಇನ್ನೊಂದರಲ್ಲಿ ಬೆಂಗಳೂರಿನ ಯುವ ತಂಡದ ಹುಡುಗರು, ಅವರವರ ವಯಸ್ಸಿನೊಂದಿಗೆ. ಚೆಟ್ರಿಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಕಾರಣ ಕೇಳಿದೆ. ‘ಅವರದು ಅಂಗಿ ಮ್ಯಾಲ ಅದ ಅಲ್ರಿ’ ಎಂದ. ಪರೀಕ್ಷೆ ಮುಗಿದ ಮೇಲೆ ಹುಮನಾಬಾದಿನಿಂದ ರೈಲು ಹಿಡಿದು ಬೆಂಗಳೂರಿಗೆ ಬಾ, ಕಂಠೀರವಕ್ಕೆ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಎಷ್ಟನೇ ತಾರೀಖು ಎಂದು ಕೇಳಿ, ಅದನ್ನೂ ಬರೆದುಕೊಳ್ಳಲು ಪೆನ್ನು ತೆಗೆದ.